ಗಾಳಿಗೆ ಮೂರೇ ಮನೆ

ಪದಬಂಧದಲ್ಲಿ "ಗಾಳಿ (3)" ಅಂತ ಒಂದು ಸುಳಿವು ಬಂತು ಅಂದ್ಕೊಳ್ಳಿ. ಮೂರು ಮನೆ, ಮೂರು ಅಕ್ಷರ. ಪವನ? ಅನಿಲ? ಸಮೀರ? ಮಾರುತ? ಎಲ್ಲದಕ್ಕೂ ಮೂರೇ ಅಕ್ಷರ, ಎಲ್ಲವೂ ಸರಿಯುತ್ತರವೇ. ಮೇಲಿಂದ ಕೆಳಗೆ ಬರುವ ಒಂದು ಪದ ಸಿಕ್ಕಿ, ಅದರಿಂದ ಒಂದು ಅಕ್ಷರ ಕೈಗೆ ಬರೋ ತನಕ ಪೆನ್ನು ಮುಟ್ಟೋ ಹಾಗಿಲ್ಲ. ತಮಾಷೆ ಅಂದ್ರೆ ಈ ನಾಲ್ಕರಲ್ಲಿ ಒಂದನ್ನೂ ನಾವು ದಿನದ ಮಾತಿನಲ್ಲಿ ಗಾಳಿ ಅನ್ನೋ ಅರ್ಥಕ್ಕೆ ಬಳಸೋದಿಲ್ಲ. "ಕಿಟಕಿ ತೆಗಿ, ಸ್ವಲ್ಪ ಸಮೀರ ಬರಲಿ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಆದರೆ ಬೆಂಗಳೂರಿನ ಯಾವುದೇ ಐಟಿ ಕಂಪನಿಯ ಒಂದು ಫ್ಲೋರ್ ಸುತ್ತಿ ಬನ್ನಿ. ಒಬ್ಬ ಅನಿಲ್, ಇಬ್ಬರು ಪವನ್, ಒಬ್ಬ ಸಮೀರ್ ಗ್ಯಾರಂಟಿ. ಕೆಳಗೆ ಪಾರ್ಕಿಂಗ್‌ನಲ್ಲಿ ಸಾಲು ಸಾಲು ಮಾರುತಿ. ಗಾಳಿಯ ಹೆಸರುಗಳು ಗಾಳಿಯನ್ನು ಬಿಟ್ಟು ಮನುಷ್ಯರಿಗೂ ಕಾರಿಗೂ ಅಂಟಿಕೊಂಡಿವೆ. ಅವು ಗಾಳಿಯಾಗಿಯೇ ಉಳಿದಿರುವ ಜಾಗಗಳು ಕಡಿಮೆ: ಹಳೇ ಕಾವ್ಯ, ಸ್ಕೂಲಿನ ಭೂಗೋಳದ ಪುಸ್ತಕ, ಮತ್ತೆ ಪದಬಂಧ.

ಇದು ಕನ್ನಡಕ್ಕೆ ಮಾತ್ರ ಆಗಿರೋದಲ್ಲ. ಇಂಗ್ಲಿಷ್ ಕ್ರಾಸ್‌ವರ್ಡ್‌ಗಳಲ್ಲೂ ಗಾಳಿ ನೂರು ವರ್ಷದಿಂದ ಬೀಸ್ತಾನೇ ಇದೆ. ಯಾವ ಭಾಷೆಯ ಪದಬಂಧದಲ್ಲಿ ಗಾಳಿಗೆ ಯಾವ್ಯಾವ ಹೆಸರು ಬರುತ್ತೆ ಅಂತ ಗಮನಿಸಿದರೆ, ಆ ಭಾಷೆಯಲ್ಲಿ ಯಾರ ಮಾತು ಕಾಗದಕ್ಕಿಳಿಯಿತು, ಯಾರದ್ದು ಗಾಳಿಗೇ ಹೋಯಿತು ಅನ್ನೋದು ಗೊತ್ತಾಗುತ್ತೆ. ಈ ಬರಹ ಅದರ ಚರಿತ್ರೆ.

ಮೊದಲು ಆಟದ ಹುಟ್ಟು. 1913ರ ಡಿಸೆಂಬರ್ 21, ಭಾನುವಾರ. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ, "ನ್ಯೂಯಾರ್ಕ್ ವರ್ಲ್ಡ್" ಪತ್ರಿಕೆಯ "ಫನ್" ಪುರವಣಿಗೆ ವಜ್ರದ ಆಕಾರದ ಒಂದು ಪದಗಳ ಆಟ ಮಾಡಿಕೊಟ್ಟ. ಹೆಸರು "ವರ್ಡ್-ಕ್ರಾಸ್". ಕೆಲವೇ ವಾರಗಳಲ್ಲಿ ಅಚ್ಚಿನ ಮನೆಯಲ್ಲಿ ಹೆಸರು ತಿರುವುಮುರುವಾಗಿ "ಕ್ರಾಸ್-ವರ್ಡ್" ಆಯಿತು. ಆ ಬಗ್ ಅನ್ನು ಯಾರೂ ಸರಿ ಮಾಡಲಿಲ್ಲ, ಅದೇ ಪ್ರೊಡಕ್ಷನ್‌ಗೆ ಹೋಗಿ ಕೂತಿತು. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಇಬ್ಬರು ಹೊಸ ಪ್ರಕಾಶಕರು ಕ್ರಾಸ್‌ವರ್ಡ್‌ಗಳದ್ದೇ ಒಂದು ಪುಸ್ತಕ ಮಾಡಿ, ಜೊತೆಗೊಂದು ಪೆನ್ಸಿಲ್ ಕೊಟ್ಟು ಮಾರಿದರು. ಅಮೆರಿಕಕ್ಕೆ ಹುಚ್ಚು ಹಿಡಿಯಿತು. ಇದೆಲ್ಲ ಕಾಲಹರಣ ಅಂತ ಅದೇ ವರ್ಷ ಮೂಗು ಮುರಿದಿದ್ದ "ನ್ಯೂಯಾರ್ಕ್ ಟೈಮ್ಸ್" ಹದಿನೆಂಟು ವರ್ಷ ತಡೆದು, ಯುದ್ಧದ ನಡುವೆ, 1942ರ ಫೆಬ್ರವರಿ 15ರಂದು ತಾನೂ ಶುರು ಮಾಡಿತು. ಮೊದಲ ಸಂಪಾದಕಿ ಮಾರ್ಗರೆಟ್ ಫರಾರ್. ಸೈಮನ್-ಶುಸ್ಟರ್ ಪುಸ್ತಕವನ್ನು ಸಿದ್ಧ ಮಾಡಿದವರಲ್ಲೂ ಆಕೆ ಒಬ್ಬರು.

ಅಮೆರಿಕದ ಗ್ರಿಡ್‌ಗೆ ಗಟ್ಟಿಯಾದ ನಿಯಮಗಳಿವೆ. ಗ್ರಿಡ್ ಅನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಮನೆಗಳ ವಿನ್ಯಾಸ ಹಾಗೇ ಕಾಣಬೇಕು. ಎರಡಕ್ಷರದ ಪದ ಕೂಡದು. ಪ್ರತಿಯೊಂದು ಅಕ್ಷರವೂ ಅಡ್ಡಕ್ಕೂ ಉದ್ದಕ್ಕೂ ಎರಡು ಪದಗಳಿಗೆ ಸೇರಬೇಕು. ನಮ್ಮ ಕೆಲಸದಲ್ಲಿ ಇರುವವರಿಗೆ ಕೂಡಲೇ ಹೊಳೆಯುತ್ತೆ: ಇದು ಅಪ್ಪಟ ಕನ್‌ಸ್ಟ್ರೇಂಟ್ ಪ್ರಾಬ್ಲಮ್. ಉದ್ದನೆಯ ಚೆಂದದ ಪದಗಳನ್ನು ಮೊದಲು ಕೂರಿಸಿದರೆ, ಮಧ್ಯೆ ಉಳಿಯುವ ಮೂರು ನಾಲ್ಕು ಅಕ್ಷರದ ಸಂದುಗಳನ್ನು ತುಂಬಲು ಸ್ವರಗಳು ಹೆಚ್ಚಿರುವ ಪುಟ್ಟ ಪದಗಳೇ ಬೇಕು. ಅಂಥ ಪದಗಳು ಎಲ್ಲಿ ಸಿಗುತ್ತವೆ? ಗಾಳಿಯಲ್ಲಿ! "ಅಲೀ" ಅಂತ ಒಂದು ನಾಲ್ಕಕ್ಷರದ ಪದ ಇದೆ: ಎ, ಎಲ್, ಇ, ಇ. ಹಡಗಿನಲ್ಲಿ ಗಾಳಿ ಬಡಿಯದ ಮಗ್ಗುಲಿನ ಕಡೆಗೆ ಅಂತ ಅರ್ಥ. ನಾಲ್ಕರಲ್ಲಿ ಮೂರು ಸ್ವರ. ಹಾಗೇ ಗಾಳಿವಾದ್ಯ "ಓಬೋ", ಅದಕ್ಕೂ ನಾಲ್ಕರಲ್ಲಿ ಮೂರು ಸ್ವರ. ಗಾಳಿಯ ದಿಕ್ಕು ತೋರಿಸುವ ಇಎನ್‌ಇ, ಇಎಸ್‌ಇ ಅನ್ನೋ ಗುರುತುಗಳು ಇನ್ನೂ ಸಲೀಸು. ನ್ಯೂಯಾರ್ಕಿನ ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ಕ್ರಾಸ್‌ವರ್ಡ್ ಬಿಡಿಸುವ ಹುಡುಗಿ ಹಾಯಿಹಡಗನ್ನು ಹತ್ತಿರದಿಂದ ನೋಡಿಯೇ ಇರಲಿಕ್ಕಿಲ್ಲ. ಆದರೂ "ಅಲೀ" ಅವಳಿಗೆ ಬಾಯಿಪಾಠ. ನಾವಿಕರ ಪದವನ್ನು ಚೌಕದ ಮನೆಗಳು ಕಾಪಾಡಿಕೊಂಡು ಬಂದಿವೆ. ಯಾರೂ ಮುಟ್ಟದ, ಆದರೆ ತೆಗೆದರೆ ಎಲ್ಲಾ ಬಿದ್ದುಹೋಗುವ ಲೆಗಸಿ ಕೋಡ್ ಇದ್ದ ಹಾಗೆ.

ಆ ನಾವಿಕರ ಮಾತು ಹುಟ್ಟಿದ್ದೂ ಕೆಲಸದಿಂದಲೇ. 1806ರ ಜನವರಿಯಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫೋರ್ಟ್ ತನ್ನ ದಿನಚರಿಯಲ್ಲಿ ಗಾಳಿಗೆ ಸೊನ್ನೆಯಿಂದ ಶುರುವಾಗುವ ಅಂಕಿಗಳನ್ನು ಕೊಟ್ಟ. ಇವತ್ತು ನಾವು ಬೋಫೋರ್ಟ್ ಸ್ಕೇಲ್ ಅನ್ನೋದು ಅದನ್ನೇ: ಸೊನ್ನೆ ಅಂದ್ರೆ ಗಾಳಿಯೇ ಇಲ್ಲ, ಹನ್ನೆರಡು ಅಂದ್ರೆ ಹರಿಕೇನ್, ನಡುವೆ ಬ್ರೀಜ್, ಗೇಲ್, ಸ್ಟಾರ್ಮ್. ವಿಶೇಷ ಏನು ಅಂದ್ರೆ ಆ ಅಳತೆಯಲ್ಲಿ ಗಾಳಿಯ ವೇಗ ಇರಲಿಲ್ಲ. ಇಷ್ಟು ಗಾಳಿಗೆ ಯುದ್ಧದ ಹಡಗು ಎಷ್ಟು ಹಾಯಿ ಬಿಚ್ಚಬಹುದು ಅನ್ನೋದೇ ಅಳತೆಗೋಲು. ಗಾಳಿಯನ್ನು ಅಳೆದದ್ದು ಗಾಳಿಯಿಂದಲ್ಲ, ಅದರಿಂದ ಮಾಡುವ ಕೆಲಸದಿಂದ. ಡಾರ್ವಿನ್ ಹೋದ ಬೀಗಲ್ ಹಡಗು 1831ರಲ್ಲಿ ಈ ಅಳತೆ ಹಿಡಿದೇ ಹೊರಟಿತು, 1838ರಲ್ಲಿ ಇಡೀ ನೌಕಾಪಡೆಗೆ ಕಡ್ಡಾಯವಾಯಿತು. ಮುಂದೆ 1906ರಲ್ಲಿ ಜಾರ್ಜ್ ಸಿಂಪ್ಸನ್ ಇದನ್ನು ನೆಲಕ್ಕೆ ಇಳಿಸಿದ: ಹೊಗೆ ನೆಟ್ಟಗೆ ಏಳುತ್ತಿದ್ದರೆ ಸೊನ್ನೆ, ಎಲೆ ಸರಸರ ಅಂದರೆ ಎರಡು, ಹೀಗೆ. ಈ ಸಿಂಪ್ಸನ್ ಭಾರತದ ಹವಾಮಾನ ಇಲಾಖೆಯಲ್ಲೂ ಕೆಲಸ ಮಾಡಿದವನು. ಇಂಗ್ಲಿಷಿನ ಗಾಳಿಪದಗಳು ಹೀಗೆ ಪಟ್ಟಿಯಾಗಿ, ನಿಘಂಟು ಸೇರಿ, ಕ್ರಾಸ್‌ವರ್ಡ್ ಮಾಡುವವರ ಕೈಗೆ ತಯಾರಾಗಿ ಸಿಕ್ಕವು.

ಅಮೆರಿಕನ್ನರು ಗಾಳಿಪದಗಳನ್ನು ಸಂದು ತುಂಬಲು ಬಳಸಿದರೆ, ಬ್ರಿಟಿಷರು ಗಾಳಿಯಲ್ಲೇ ತಂತ್ರ ಹುಡುಕಿದರು. ಸುಳಿವು ಓದಲು ಒಂದರ್ಥ, ಬಿಡಿಸಲು ಇನ್ನೊಂದರ್ಥ. ಇದೇ "ಕ್ರಿಪ್ಟಿಕ್" ಕ್ರಾಸ್‌ವರ್ಡ್. ಇದನ್ನು ಪೂರ್ತಿ ಕಲೆಯಾಗಿಸಿದವನು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. 1926ರಿಂದ 1939ರಲ್ಲಿ ತೀರಿಕೊಳ್ಳುವ ತನಕ "ಅಬ್ಸರ್ವರ್" ಪತ್ರಿಕೆಗೆ "ಟಾರ್ಕೆಮಾಡಾ" ಅನ್ನೋ ಹೆಸರಲ್ಲಿ ಒಗಟು ಕಟ್ಟಿದ. ಟಾರ್ಕೆಮಾಡಾ ಅಂದ್ರೆ ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದವನ ಹೆಸರು! ಈ ಮ್ಯಾಥರ್ಸ್‌ಗೂ ನಮಗೂ ಒಂದು ನಂಟಿದೆ. ಅವನು 1919ರಲ್ಲಿ "ಚೌರಪಂಚಾಶಿಕಾ"ವನ್ನು ಇಂಗ್ಲಿಷಿಗೆ ಸ್ವತಂತ್ರವಾಗಿ ತಂದಿದ್ದ. ಆ ಸಂಸ್ಕೃತ ಕಾವ್ಯ ಬಿಲ್ಹಣನದ್ದು ಅನ್ನೋದು ಪರಂಪರೆಯ ಮಾತು. ಬಿಲ್ಹಣ ಅಂದ್ರೆ ಕಾಶ್ಮೀರದಿಂದ ಹೊರಟು ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ ಕವಿ. ಇವತ್ತಿನ ನಮ್ಮ ಬಸವಕಲ್ಯಾಣ! ಶ್ಲೇಷೆಯ ಭಾಷೆಯನ್ನು ಅನುವಾದ ಮಾಡಿದವನೇ ಇಂಗ್ಲಿಷಿಗೆ ಶ್ಲೇಷೆಯ ಆಟ ಕಲಿಸಿದ ಅನ್ನೋದನ್ನು ನೆನೆದರೆ ನನಗಂತೂ ಖುಷಿ. 1930ರ ಫೆಬ್ರವರಿ 1ರಂದು ಲಂಡನ್ನಿನ "ದಿ ಟೈಮ್ಸ್" ಕೂಡ ಕ್ರಾಸ್‌ವರ್ಡ್ ಶುರು ಮಾಡಿತು. ನಮ್ಮಲ್ಲಿ "ದಿ ಹಿಂದೂ" ಪತ್ರಿಕೆಗೆ ಬಂದದ್ದು 1971ರಲ್ಲಿ.

ಈ ಆಟದಲ್ಲಿ "ವಿಂಡ್" ಅನ್ನೋ ಪದದಷ್ಟು ಕಿಲಾಡಿ ಇನ್ನೊಂದಿಲ್ಲ. "ವಿಂಡ್" ಅಂತ ಓದಿದರೆ ಗಾಳಿ. ಅದೇ ಅಕ್ಷರಗಳನ್ನು "ವೈಂಡ್" ಅಂತ ಓದಿದರೆ ಸುತ್ತು, ದಾರ ಸುತ್ತೋದು, ಗಡಿಯಾರಕ್ಕೆ ಕೀ ಕೊಡೋದು. ಕಾಗದದ ಮೇಲೆ ಉಚ್ಚಾರಣೆ ಇರೋದಿಲ್ಲವಲ್ಲ, ಅಲ್ಲೇ ಬಲೆ. ಓದುಗ ಬಿರುಗಾಳಿ ಅಂದ್ಕೊಂಡು ಯೋಚಿಸುತ್ತಾ ಕೂತಿರುತ್ತಾನೆ, ಉತ್ತರ ನೂಲಿನ ಉಂಡೆ. ಇನ್ನು "ವಾವುಂಡ್" ಅಂದ್ರೆ ಸುತ್ತಿದ, ಅದೇ ಅಕ್ಷರಗಳಿಗೆ "ವೂಂಡ್" ಅಂದ್ರೆ ಗಾಯ. "ಏರ್" ಅಂದ್ರೆ ಗಾಳಿ, ಹಾಡಿನ ಧಾಟಿಯೂ ಹೌದು. ನಮ್ಮ ಮಲಯಮಾರುತ ಗಾಳಿಯೂ ಹೌದು, ರಾಗವೂ ಹೌದು ತಾನೇ? ಹಾಗೆ.

ನಾನೇ ಕಟ್ಟಿದ ಕೆಲವು ಸ್ಯಾಂಪಲ್ ನೋಡಿ. "ದೆಹಲಿಯಲ್ಲಿ ಬಿಸಿಗಾಳಿ, ಲಂಡನ್ನಿನಲ್ಲಿ ಅವಸರಕ್ಕೆ ಹೋಗುವ ಜಾಗ (3)." ಉತ್ತರ "ಲೂ". ಮೇ ತಿಂಗಳಲ್ಲಿ ಉತ್ತರ ಭಾರತವನ್ನು ಸುಡುವ ಗಾಳಿಯ ಹೆಸರೂ, ಇಂಗ್ಲಿಷರ ಶೌಚಾಲಯದ ಹೆಸರೂ ಒಂದೇ. "ನಾಲ್ಕೂ ದಿಕ್ಕಿನಿಂದ ಬರುವುದು (4)." ಎನ್, ಇ, ಡಬ್ಲ್ಯು, ಎಸ್ ಸೇರಿಸಿ: ನ್ಯೂಸ್. "ರಾತ್ರಿ ಹಾಡುವ ಹಕ್ಕಿಯ ಬಾಲದಲ್ಲಿ ಬಿರುಗಾಳಿ (11)." ನೈಟಿಂಗೇಲ್, ಕೊನೆಯ ನಾಲ್ಕು ಅಕ್ಷರ ಗೇಲ್. ಇನ್ನು ಸುಳಿವಿನಲ್ಲಿ "ಬಿರುಗಾಳಿಗೆ ಸಿಕ್ಕ", "ಗಾಳಿಗೆ ಹಾರಿದ" ಅಂತೇನಾದರೂ ಬಂದರೆ ಹುಷಾರು. ಅಲ್ಲಿ ಗಾಳಿ ಉತ್ತರವಲ್ಲ, ಆಜ್ಞೆ: ಪಕ್ಕದ ಪದದ ಅಕ್ಷರಗಳನ್ನು ಕಲಸು ಅಂತ. "ಬಿರುಗಾಳಿಗೆ ಸಿಕ್ಕ ಲಾರ್ಜ್, ಬಿಯರ್ ಆಯಿತು (5)." ಲಾರ್ಜ್ ಪದದ ಐದು ಅಕ್ಷರ ಕಲಸಿದರೆ ಲಾಗರ್. ಶುಕ್ರವಾರ ಸಂಜೆ ಇದಕ್ಕೆ ವಿವರಣೆ ಬೇಕಿಲ್ಲ.

ವಿಂಡ್-ವೈಂಡ್ ಶ್ಲೇಷೆ ಬರೀ ಕಾಗದದ ಆಟ ಅಂದ್ಕೋಬೇಡಿ. ಗಾಳಿಯೂ ಸುತ್ತುತ್ತೆ ಅಂತ ಹೆಸರಿಟ್ಟು ಹೇಳಿದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಬಂಗಾಳಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿ, ಈ ಗಾಳಿ ನೇರ ನುಗ್ಗೋದಲ್ಲ, ಗಿರಗಿರ ತಿರುಗುತ್ತಾ ಸಾಗೋದು ಅಂತ ಕಂಡುಕೊಂಡ. ಗ್ರೀಕ್ ಭಾಷೆಯ ಸುತ್ತು ಅನ್ನೋ ಪದ ಹಿಡಿದು, ಹಾವಿನ ಸುರುಳಿಯನ್ನು ಮನಸ್ಸಿನಲ್ಲಿಟ್ಟು, "ಸೈಕ್ಲೋನ್" ಅಂತ ಹೆಸರಿಟ್ಟ. 1848ರಲ್ಲಿ ಬಂದ ಅವನ ಪುಸ್ತಕದಿಂದ ಆ ಪದ ಲೋಕಕ್ಕೆಲ್ಲ ಹಬ್ಬಿತು. ಅಂದ್ರೆ ಸುತ್ತಿಕೊಂಡ ಗಾಳಿ. ಕ್ರಾಸ್‌ವರ್ಡ್ ಹುಟ್ಟುವ ಅರವತ್ತೈದು ವರ್ಷ ಮೊದಲೇ ಅದರ ಅತ್ಯುತ್ತಮ ಶ್ಲೇಷೆ ನಮ್ಮ ಸಮುದ್ರದಲ್ಲಿ ನಿಜವಾಗಿತ್ತು.

ಇನ್ನೊಂದು ಪದದ ಕಥೆ ಇದಕ್ಕೆ ಉಲ್ಟಾ. ಹೈಸ್ಕೂಲಿನಲ್ಲಿ "ವಾಣಿಜ್ಯ ಮಾರುತಗಳು" ಅಂತ ಓದಿದ್ದು ನೆನಪಿದೆಯಾ? ಇಂಗ್ಲಿಷಿನ "ಟ್ರೇಡ್ ವಿಂಡ್" ಪದದ ಕನ್ನಡ. ಟ್ರೇಡ್ ಅಂದ್ರೆ ವ್ಯಾಪಾರ, ಹಡಗುಗಳು ಈ ಗಾಳಿ ಹಿಡಿದು ವ್ಯಾಪಾರಕ್ಕೆ ಹೋಗುತ್ತಿದ್ದವು, ಅದಕ್ಕೇ ಈ ಹೆಸರು ಅಂತ ನಮ್ಮೂರ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಹೆಸರು ಬಂದದ್ದು ಹಾಗಲ್ಲ. ಆ ಹಳೇ "ಟ್ರೇಡ್" ಪದಕ್ಕೆ ದಾರಿ, ಜಾಡು ಅಂತ ಅರ್ಥ. ಒಂದೇ ಜಾಡು ಹಿಡಿದು ಬೀಸುವ ಗಾಳಿ ಟ್ರೇಡ್ ವಿಂಡ್. ವ್ಯಾಪಾರ ಅನ್ನೋ ಅರ್ಥ ಆ ಪದಕ್ಕೆ ಆಮೇಲೆ ಅಂಟಿತು, ಜನ ಎರಡನ್ನೂ ಕೂಡಿಸಿಕೊಂಡರು. ನಾವು ಕನ್ನಡಕ್ಕೆ ತರುವಾಗ ಆ ಅಂಟಿದ ಅರ್ಥವನ್ನೇ ತಂದೆವು. ಆದರೂ ಈ ಅನುವಾದದೊಳಗೆ ಒಂದು ಪುಕ್ಕಟೆ ಶ್ಲೇಷೆ ಅಡಗಿದೆ ನೋಡಿ. ಹಾಡುತ, ನೋಡುತ, ಮಾರುತ! "ವ್ಯಾಪಾರ ನಡೆಸುತ್ತಲೇ ಬೀಸುತ್ತದೆ (3)" ಅಂತ ಸುಳಿವು ಕೊಟ್ಟರೆ ಉತ್ತರ "ಮಾರುತ". ಇದು ಯಾವ ಇಂಗ್ಲಿಷ್ ಸೆಟ್ಟರ್‌ಗೂ ಸಿಗದ ಸುಳಿವು.

ಗಾಳಿಯೂ ಕ್ರಾಸ್‌ವರ್ಡೂ ನಿಜವಾಗಿ ಜನರ ಪ್ರಾಣದ ಪ್ರಶ್ನೆಯಾದದ್ದು 1942ರಲ್ಲಿ. ಆ ವರ್ಷದ ಜನವರಿಯಲ್ಲಿ ಲಂಡನ್ನಿನ "ಡೈಲಿ ಟೆಲಿಗ್ರಾಫ್" ತನ್ನ ಕಚೇರಿಯಲ್ಲಿ ಸ್ಪರ್ಧೆ ನಡೆಸಿತು: ಕ್ರಾಸ್‌ವರ್ಡ್ ಅನ್ನು 12 ನಿಮಿಷದೊಳಗೆ ಬಿಡಿಸಬೇಕು. ಬಂದವರಲ್ಲಿ ಕೆಲವರಿಗೆ ಕೆಲವು ವಾರಗಳ ನಂತರ ಸರ್ಕಾರದಿಂದ ಕಾಗದ ಬಂತು. ಅವರನ್ನು ಸೇರಿಸಿಕೊಂಡದ್ದು ಬ್ಲೆಚ್‌ಲಿ ಪಾರ್ಕಿಗೆ, ಜರ್ಮನ್ ಗೂಢಲಿಪಿ ಒಡೆಯುವ ಗುಟ್ಟಿನ ಜಾಗಕ್ಕೆ. ಅದೇ ಫೆಬ್ರವರಿ 1ರಂದು ಅಟ್ಲಾಂಟಿಕ್‌ನ ಜರ್ಮನ್ ಸಬ್‌ಮರೀನ್‌ಗಳು ಎನಿಗ್ಮಾ ಯಂತ್ರಕ್ಕೆ ನಾಲ್ಕನೇ ಚಕ್ರ ಸೇರಿಸಿದವು. ಬ್ಲೆಚ್‌ಲಿಗೆ ಆ ಸಂದೇಶಗಳು ಕುರುಡಾದವು. ಹತ್ತು ತಿಂಗಳು ಹಡಗಿನ ಮೇಲೆ ಹಡಗು ಮುಳುಗಿತು.

ಬಾಗಿಲು ತೆಗೆದದ್ದು ಗಾಳಿಯ ಲೆಕ್ಕ. 1942ರ ಅಕ್ಟೋಬರ್ 30ರಂದು ಈಜಿಪ್ಟಿನ ಕಡಲಾಚೆ ಯು-559 ಎಂಬ ಸಬ್‌ಮರೀನ್ ಮುಳುಗುತ್ತಿತ್ತು. ಬ್ರಿಟಿಷ್ ಹಡಗು ಪೆಟಾರ್ಡ್‌ನ ಮೂವರು ಅದರೊಳಗಿಂದ ಕಾಗದಪತ್ರ ಎತ್ತಿದರು. ಆಂಟನಿ ಫಾಸನ್, ಕಾಲಿನ್ ಗ್ರೇಜಿಯರ್ ಅದರ ಜೊತೆಗೇ ಮುಳುಗಿ ಸತ್ತರು. ಕ್ಯಾಂಟೀನ್ ಸಹಾಯಕ ಹುಡುಗ ಟಾಮಿ ಬ್ರೌನ್ ಬದುಕಿದ. ಅವರು ಮೇಲೆ ತಂದದ್ದರಲ್ಲಿ ಹವಾಮಾನ ವರದಿಯ ಸಂಕ್ಷೇಪ ಕೋಡ್‌ಪುಸ್ತಕವಿತ್ತು. ಒತ್ತಡ, ತಾಪ, ಗಾಳಿ ಎಲ್ಲವನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ಕಳಿಸುವ ಪದ್ಧತಿ ಅದು. ಸಬ್‌ಮರೀನ್ ಕಳಿಸಿದ ಅದೇ ಹವಾಮಾನ ಜರ್ಮನ್ ಕೇಂದ್ರದಿಂದ ಇನ್ನೊಂದು ಸುಲಭದ ಲಿಪಿಯಲ್ಲಿ ಮತ್ತೆ ಪ್ರಸಾರವಾಗುತ್ತಿತ್ತು. ಆ ಲಿಪಿ ಬ್ಲೆಚ್‌ಲಿಗೆ ಮೊದಲೇ ಗೊತ್ತು. ಅಂದ್ರೆ ಉತ್ತರ ಕೈಯಲ್ಲಿದೆ, ಅದು ಯಾವ ಮನೆಗಳಲ್ಲಿ ಕೂರುತ್ತೆ ಅಂತ ಹುಡುಕಬೇಕು! ಎನಿಗ್ಮಾದಲ್ಲಿ ಒಂದು ದೌರ್ಬಲ್ಯ ಇತ್ತು, ಯಾವ ಅಕ್ಷರವೂ ಗೂಢಲಿಪಿಯಲ್ಲಿ ತಾನೇ ಆಗಿ ಬರುವುದಿಲ್ಲ. ಊಹಿಸಿದ ಪದವನ್ನು ಸಂದೇಶದ ಕೆಳಗೆ ಸರಿಸುತ್ತಾ ಹೋಗಿ, ಎಲ್ಲಾದರೂ ಅಕ್ಷರಕ್ಕೆ ಅದೇ ಅಕ್ಷರ ಎದುರಾದರೆ ಆ ಜಾಗ ಅಲ್ಲ ಅಂತ ಹೊಡೆದುಹಾಕುವುದು. ಅಡ್ಡಪದ ಉದ್ದಪದ ತಾಳೆ ನೋಡುವ ಅದೇ ಬುದ್ಧಿ. ಡಿಸೆಂಬರ್ 13ಕ್ಕೆ ಬ್ಲೆಚ್‌ಲಿ ಮತ್ತೆ ಸಬ್‌ಮರೀನ್‌ಗಳ ಸಂದೇಶ ಓದತೊಡಗಿತು. ಸಾಗರದಲ್ಲಿ ಗಾಳಿ ಎತ್ತ ಬೀಸುತ್ತಿದೆ ಅನ್ನೋ ಸಪ್ಪೆ ವರದಿಯೇ ಬೀಗದಕೈ ಆಯಿತು.

ಯುದ್ಧ ಮುಗಿದ ಮೇಲೆ ಗಾಳಿಯ ಹೆಸರುಗಳಿಗೆ ಹೊಸ ಗಿರಾಕಿ ಸಿಕ್ಕರು. ಫೋಕ್ಸ್‌ವ್ಯಾಗನ್‌ನ ಪಸಾಟ್ ಅಂದ್ರೆ ಜರ್ಮನ್‌ನಲ್ಲಿ ಟ್ರೇಡ್ ವಿಂಡ್. ಸಿರೋಕೋ, ಬೋರಾ ಕೂಡ ಗಾಳಿಗಳೇ. ಮಾಸೆರಾಟಿಯ ಮಿಸ್ಟ್ರಾಲ್, ಘಿಬ್ಲಿ, ಖಾಮ್ಸಿನ್, ಲೆವಾಂಟೆ ಎಲ್ಲವೂ ಅಷ್ಟೇ. ಮಿಸ್ಟ್ರಾಲ್ ಅಂತೂ ಫ್ರಾನ್ಸಿನ ತಣ್ಣನೆ ಗಾಳಿಯೂ ಹೌದು, 1904ರಲ್ಲೂ 1945ರಲ್ಲೂ ನೊಬೆಲ್ ಗೆದ್ದ ಇಬ್ಬರು ಬೇರೆಬೇರೆ ಕವಿಗಳ ಹೆಸರೂ ಹೌದು, ಸೆಟ್ಟರ್‌ಗಳಿಗೆ ಹಬ್ಬ. ನಮ್ಮ ಬೆಂಗಳೂರೂ ಈ ಸಾಲಿನಲ್ಲಿದೆ. ಇಲ್ಲಿನ ಎಚ್‌ಎಎಲ್‌ನಲ್ಲಿ ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ ವಿನ್ಯಾಸ ಮಾಡಿ, 1961ರಲ್ಲಿ ಮೊದಲು ಹಾರಿದ ಜೆಟ್ ಯುದ್ಧವಿಮಾನದ ಹೆಸರು "ಮರುತ್". ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಅದು ಈಗಲೂ ನಿಂತಿದೆ.

ಮರುತ್ ಅಂದಮೇಲೆ ಅಮರಕೋಶಕ್ಕೆ ಬರಲೇಬೇಕು. ಅದರಲ್ಲಿ ಗಾಳಿಗೆ ಇಪ್ಪತ್ತು ಹೆಸರಿದೆ: ವಾಯು, ವಾತ, ಅನಿಲ, ಪವನ, ಪವಮಾನ, ಸಮೀರ, ಸಮೀರಣ, ಮಾರುತ, ಮಾತರಿಶ್ವ, ಪ್ರಭಂಜನ, ಜಗತ್ಪ್ರಾಣ, ಪರಿಮಳ ಹೊರುವ ಗಂಧವಹ, ಸದಾ ನಡೆಯುವ ಸದಾಗತಿ, ಬೇಗ ಹೋಗುವ ಆಶುಗ. ಆಶುಗ ಅಂದ್ರೆ ಬಾಣವೂ ಹೌದು. ಕನ್ನಡದ ಪದಬಂಧ ಕಟ್ಟುವವರ ಉಗ್ರಾಣ ಇದು. ಎರಡು, ಮೂರು, ನಾಲ್ಕು ಮನೆಗೆ ಬೇಕಾದ ಗಾಳಿ ರೆಡಿಮೇಡ್ ಸಿಗುತ್ತೆ.

ಕನ್ನಡದ ಚೌಕಕ್ಕೂ ಇಂಗ್ಲಿಷಿನ ಚೌಕಕ್ಕೂ ಒಂದು ಮೂಲ ವ್ಯತ್ಯಾಸ ಇದೆ. ಅಲ್ಲಿ ಒಂದು ಮನೆಯಲ್ಲಿ 26 ಅಕ್ಷರಗಳಲ್ಲಿ ಒಂದು ಕೂರುತ್ತೆ. ಇಲ್ಲಿ 34 ವ್ಯಂಜನಕ್ಕೆ 13 ಸ್ವರ ಗುಣಿಸಿದರೆ ಕಾಗುಣಿತವೇ 442, ಒತ್ತಕ್ಷರಗಳು ಬೇರೆ. "ಜಗತ್ಪ್ರಾಣ"ದ "ತ್ಪ್ರಾ" ಒಂದೇ ಮನೆ, ಆದರೆ ಕಂಪ್ಯೂಟರ್ ಒಳಗೆ ಅದು ಆರು ಯುನಿಕೋಡ್ ಸಂಕೇತ: ತ, ಹಲಂತ, ಪ, ಹಲಂತ, ರ, ದೀರ್ಘ. ಪದದ ಉದ್ದ ಎಷ್ಟು ಅಂತ ಸುಮ್ಮನೆ ಕೋಡ್‌ಗೆ ಕೇಳಿದರೆ ನಾಲ್ಕು ಅನ್ನುವ ಬದಲು ಒಂಬತ್ತು ಅನ್ನುತ್ತೆ. ಹಳ್ಳಿ ಸ್ಕೂಲಿನ ಎರಡನೇ ಕ್ಲಾಸಿನ ಮಗುವಿಗೆ ಗೊತ್ತಿರೋದು ಯಂತ್ರಕ್ಕೆ ಪ್ರತ್ಯೇಕವಾಗಿ ಹೇಳಿಕೊಡಬೇಕು. ಇಷ್ಟೊಂದು ಅಕ್ಷರ ಇರೋದರಿಂದ ಪದಗಳು ಒಂದನ್ನೊಂದು ದಾಟೋದು ಕಷ್ಟ, ನಮ್ಮ ಪದಬಂಧಗಳಲ್ಲಿ ಕಪ್ಪು ಮನೆ ಹೆಚ್ಚು. ಲಾಭವೂ ಇದೆ. ಪವನ, ಅನಿಲ, ಸಮೀರ, ಮಾರುತ, ಜೊತೆಗೆ ಹಳಗನ್ನಡದ ಎಲರು, ಐದನ್ನೂ ಒಂದರ ಕೆಳಗೊಂದು ಬರೆದು ನೋಡಿ. ಯಾವ ಮನೆಯಲ್ಲೂ ಒಂದೇ ಅಕ್ಷರ ಎರಡು ಸಲ ಬರೋದಿಲ್ಲ. ಯಾವುದಾದರೂ ಒಂದು ಅಕ್ಷರ ಸಿಕ್ಕರೆ ಸಾಕು, ಗಾಳಿ ಯಾವುದು ಅಂತ ತೀರ್ಮಾನ.

ಸುಳಿವುಗಳ ವಿಷಯಕ್ಕೆ ಬಂದರೆ, ನಮ್ಮ ಪದಬಂಧಗಳು ಹೆಚ್ಚಾಗಿ ಸಮಾನಾರ್ಥಕ ಪದ ಕೊಟ್ಟು ಸುಮ್ಮನಾಗುತ್ತವೆ. ಕನ್ನಡಕ್ಕೆ ತಂತ್ರದ ಸುಳಿವು ಒಗ್ಗೋದಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಕನಕದಾಸರ ಮುಂಡಿಗೆ, ಬೆಡಗಿನ ವಚನ, ಅಜ್ಜಿಯ ಒಗಟು ಇರುವ ಭಾಷೆ ಇದು. ನಾ. ಕಸ್ತೂರಿಯವರ "ಅನರ್ಥಕೋಶ" ಇಡೀ ಪುಸ್ತಕವೇ ಪದಗಳ ಕಾಲೆಳೆಯುತ್ತೆ. ಪದ್ಮಬಂಧ, ಮುರಜಬಂಧ ಅಂತ ಅಕ್ಷರಗಳನ್ನು ಆಕೃತಿಯಲ್ಲಿ ಕೂರಿಸುವ ಚಿತ್ರಕಾವ್ಯಕ್ಕೂ "ಬಂಧ" ಅನ್ನೋದೇ ಹೆಸರು. ಗಾಳಿಯನ್ನೇ ತಗೊಳ್ಳಿ. "ಉದ್ಯಾನದೊಳಗೆ ಗಾಳಿ ಇದೆ (4)": ಉಪವನ, ಒಳಗೆ ಪವನ ಕೂತಿದ್ದಾನೆ. "ಮೀನು ಹಿಡಿಯುವ ಕೊಕ್ಕೆಯ ತುದಿ ಗುಡಿಸಿದರೆ ಬೀಸುತ್ತದೆ (2)": ಗಾಳ, ಕೊನೆಯ ಅಕ್ಷರಕ್ಕೆ ಗುಡಿಸು ಕೊಟ್ಟರೆ ಗಾಳಿ! ಕಾಗುಣಿತ ಕಲಿತವರಿಗೆ ಮಾತ್ರ ಬಿಡಿಸಲು ಬರುವ ಸುಳಿವು ಇದು, ಬೇರೆ ಲಿಪಿಗೆ ಹೋಗೋದೇ ಇಲ್ಲ.

ಇಷ್ಟಾದರೂ ನನ್ನನ್ನು ಒಂದು ವಿಷಯ ಕಾಡುತ್ತೆ. ನಮ್ಮೂರಲ್ಲಿ ಗಾಳಿ ಅಂದ್ರೆ ಸಮೀರ ಅಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಗಿ ಒಕ್ಕಿದ ಮೇಲೆ ಎಲ್ಲರೂ ಕಾಯುತ್ತಿದ್ದದ್ದು ಗಾಳಿಗೆ. ಮೊರ ಎತ್ತಿ ಹಿಡಿದು ತೂರಿದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅನ್ನೋದಕ್ಕೆ ಮೂಡಗಾಳಿಯೋ ಪಡುವಣ ಗಾಳಿಯೋ ತಿಳಿಯಬೇಕಿತ್ತು. ಅದಲ್ಲದೆ ಮಳೆಗಾಳಿ, ಒಣಗಾಳಿ, ಎದುರುಗಾಳಿ, ಸುಳಿಗಾಳಿ. ಹುಷಾರಿಲ್ಲದ ಮಗುವಿಗೆ "ಗಾಳಿ ಹಿಡಿದಿದೆ" ಅಂದರೆ ಅದು ಬೇರೆಯೇ ಗಾಳಿ. ಬೋಫೋರ್ಟ್ ಹಾಯಿಯಿಂದ ಗಾಳಿ ಅಳೆದ ಹಾಗೆ ನಮ್ಮಪ್ಪ ಮೊರದಿಂದ ಅಳೆಯುತ್ತಿದ್ದರು. ಈಗ ಯಂತ್ರ ಬಂದು ಒಕ್ಕಣೆ, ತೂರುವುದು ಎಲ್ಲಾ ಒಟ್ಟಿಗೆ ಮುಗಿಯುತ್ತೆ. ಕಣ ಇಲ್ಲ, ಗಾಳಿಗೆ ಕಾಯುವವರಿಲ್ಲ. ಮ್ಯಾನೇಜರ್‌ಗಳು ಮೀಟಿಂಗ್‌ನಲ್ಲಿ "ಗಾಳಿ ಬಂದಾಗ ತೂರಿಕೋಬೇಕು" ಅಂತಾರೆ, ತೂರಿದ್ದು ಯಾವಾಗ ಅಂತ ಕೇಳಬೇಡಿ. ಗಾದೆ ಉಳಿಯಿತು, ಗಾಳಿಗಳು ಹೋದವು.

ಇಂಗ್ಲಿಷ್ ಕ್ರಾಸ್‌ವರ್ಡ್ ಹಡಗಿನವರ ದುಡಿಮೆಯ ಪದಗಳನ್ನು ಉಳಿಸಿಕೊಂಡಿತು. ನಮ್ಮ ಪದಬಂಧ ಪಂಡಿತರ ಪದಗಳನ್ನು ಉಳಿಸಿತು, ಕಣದವರ ಪದಗಳನ್ನು ಒಳಗೆ ಬಿಟ್ಟುಕೊಂಡಿದ್ದು ಕಮ್ಮಿ. ಇದರಲ್ಲಿ ಯಾರ ಸಂಚೂ ಇಲ್ಲ, ಸ್ವಲ್ಪ ಎಂಜಿನಿಯರಿಂಗ್ ಕಾರಣವೂ ಇದೆ. ಮೂಡಗಾಳಿ, ಮಳೆಗಾಳಿ, ತಂಗಾಳಿ, ಬಿರುಗಾಳಿ, ಸುಂಟರಗಾಳಿ ಎಲ್ಲದರ ಕೊನೆಯ ಎರಡು ಮನೆ "ಗಾಳಿ"ಯೇ. ಕಟ್ಟುವವನಿಗೆ ಅದು ಬೇಜಾರು, ಬಿಡಿಸುವವನಿಗೆ ಅರ್ಧ ಉತ್ತರ ಬಿಟ್ಟಿ. ಆದರೆ ಅದೇನೂ ದಾಟಲಾಗದ ಅಡ್ಡಿಯಲ್ಲ. "ಮೂಡ" ಸಿಕ್ಕದೆ "ಗಾಳಿ" ಸಿಕ್ಕಿದರೆ ಏನು ಬಂತು? ಮೊದಲೆರಡು ಮನೆಗೇ ತಲೆ ಕೆಡಿಸಿಕೊಳ್ಳಲಿ. ಒಂದು ಪದ ತಿಂಗಳಿಗೊಂದು ಸಲ ಚೌಕದಲ್ಲಿ ಬಂದರೆ ಸಾಕು, ಅದನ್ನು ಬಳಸದವರಿಗೂ ಗೊತ್ತಿರುತ್ತೆ. "ಅಲೀ" ಅದಕ್ಕೆ ಸಾಕ್ಷಿ. ಪಂಪನಿಗೆ ಬನವಾಸಿಯನ್ನು ನೆನಪಿಸಿದ್ದರಲ್ಲಿ ತೆಂಕಣ ಗಾಳಿಯೂ ಒಂದು. ಸಾವಿರ ವರ್ಷದ ಹಿಂದೆ ಕಾವ್ಯದಲ್ಲಿ ಜಾಗ ಪಡೆದ ಆ ಗಾಳಿಗೆ ಇವತ್ತಿನ ಪದಬಂಧದಲ್ಲಿ ಐದು ಮನೆ ಕೊಡಲಾಗದೆ?

ಮುಗಿಸುವ ಮೊದಲು ಒಂದು ಸುಳಿವು. "ಬಾಳೆಯ ನಡುವೆ ಮೂಡುತ್ತೆ, ಹೊಳೆಯಲ್ಲಿ ಮುಳುಗಿಸುತ್ತೆ, ಎರಡಿದ್ದರೆ ಎರಡು ಮದುವೆ ಅಂತಾರೆ, ತಂಗಾಳಿ ಬಂದರೆ ಹೀಗೆ ಬರುತ್ತೆ (2)." ಉತ್ತರ "ಸುಳಿ". ಬಾಳೆಯ ಸುಳಿ, ನೀರಿನ ಸುಳಿ, ತಲೆಯ ಸುಳಿ, ಗಾಳಿ ಸುಳಿಯೋದು. ಇಂಗ್ಲಿಷ್‌ನವರು ಗಾಳಿಯನ್ನೂ ಸುತ್ತುವುದನ್ನೂ ಒಂದೇ ಕಾಗುಣಿತದಲ್ಲಿ ಬರೆದದ್ದು ಆಕಸ್ಮಿಕ, ಮೂಲದಲ್ಲಿ ಅವೆರಡು ಬೇರೆ ಪದ. ಕನ್ನಡದಲ್ಲಿ ಸುತ್ತುವುದೂ ಗಾಳಿ ಹಾಯುವುದೂ ಒಂದೇ "ಸುಳಿ"ಯಲ್ಲಿವೆ. ಆ ಸುಳಿಯಿಂದಲೇ ಬಂದದ್ದು "ಸುಳಿವು": ಹಾದುಹೋದದ್ದರ ಗುರುತು. ಇಂಗ್ಲಿಷಿನ "ಕ್ಲೂ" ಏನು ಗೊತ್ತಾ? ಹಳೇ "ಕ್ಲ್ಯೂ", ಅಂದ್ರೆ ಸುತ್ತಿಟ್ಟ ನೂಲಿನ ಉಂಡೆ. ಗ್ರೀಕ್ ಕಥೆಯಲ್ಲಿ ಥೀಸಿಯಸ್ ಚಕ್ರವ್ಯೂಹದಂಥ ಕಟ್ಟಡದಿಂದ ದಾರ ಹಿಡಿದು ಹೊರಬಂದನಲ್ಲ, ಆ ಉಂಡೆ. ಹಡಗಿನವರ ಬಾಯಲ್ಲಿ ಅದೇ ಪದಕ್ಕೆ ಇನ್ನೊಂದರ್ಥ, ಗಾಳಿ ಹಿಡಿಯುವ ಹಾಯಿಯ ಕೆಳಮೂಲೆ. ಎರಡು ಭಾಷೆ, ಎರಡರಲ್ಲೂ ಸುಳಿವು ಅಂದ್ರೆ ಒಂದು ಸುತ್ತು ಮತ್ತು ಒಂದಿಷ್ಟು ಗಾಳಿ.

ಮುಂದಿನ ಸಲ ಪದಬಂಧ ಕಟ್ಟುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಲ್ಕು ಮನೆ ಖಾಲಿ ಇಡಿ. ಸುಳಿವು ನಾನೇ ಕೊಡುತ್ತೇನೆ: "ಹೊತ್ತು ಹುಟ್ಟುವ ಕಡೆಯಿಂದ ಬಂದು ಕಣ ತುಂಬಿಸುತ್ತಿತ್ತು."